ಹೆಲ್ಮೆಟ್ಟಿಗೆ ಬೆಕ್ಕಿನ ಕಿವಿ

ನಮ್ಮ ಕಾಲೇಜಿನಲ್ಲಿ ಗಾಡಿ ನಿಲ್ಲಿಸುವ ಚಪ್ಪರದಡಿ ಇತ್ತೀಚೆಗೆ ಒಂದು ಸಣ್ಣ ಪ್ರಾಣಿಸಂಗ್ರಹಾಲಯವೇ ನೆರೆಯುತ್ತಿದೆ. ಒಂದು ಹೆಲ್ಮೆಟ್ಟಿಗೆ ಬೆಕ್ಕಿನ ಕಿವಿ, ಇನ್ನೊಂದಕ್ಕೆ ಮೊಲದ ಕಿವಿ, ಮತ್ತೊಂದಕ್ಕೆ ಹೋತದ ಕೊಂಬು. ಹುಂಜದ ಜುಟ್ಟಿನಂತೆ ಕೆಂಪು ರಬ್ಬರಿನ ಸಾಲನ್ನು ಮೆತ್ತಿಕೊಂಡದ್ದೂ ಉಂಟು. ಅಂಕೋಲೆಯ ಕಡೆಯಿಂದ ಬರುವ ಮಿತ್ರನೊಬ್ಬನ ಹೆಲ್ಮೆಟ್ಟಂತೂ ಕರಡಿಯ ರೋಮದ ಗವಸನ್ನೇ ತೊಟ್ಟು ಕುಳಿತಿರುತ್ತದೆ. ಗುರುವರ್ಯರಲ್ಲಿ ಕೆಲವರು ಇದನ್ನು ಕಂಡು ನಗುತ್ತಾರೆ. ಇನ್ನು ಕೆಲವರು, ‘ಬಿ.ಎ.ಗೆ ಬಂದರೂ ಬುದ್ಧಿ ಇನ್ನೂ ಬಾಲವಾಡಿಯಲ್ಲೇ ಇದೆ’ ಎಂದು ಹುಬ್ಬು ಗಂಟಿಕ್ಕುತ್ತಾರೆ. ನಾನು ಈ ಕಿವಿ-ಕೊಂಬುಗಳ ಪಕ್ಷ ವಹಿಸಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಎಲ್ಲ ಕೊಂಬುಗಳ ಪಕ್ಷವನ್ನಲ್ಲ, ಅದನ್ನು ಮುಂದೆ ಹೇಳುತ್ತೇನೆ.

ತಲೆಯನ್ನು ಸಿಂಗರಿಸುವುದು ಹುಡುಗಾಟವೆಂದು ನಮ್ಮ ಜಿಲ್ಲೆಯವರು ಹೇಳಿದರೆ ನನಗೆ ಸೋಜಿಗವೆನಿಸುತ್ತದೆ. ಹೋಳಿಯ ಸುಮಾರಿಗೆ ಅಂಕೋಲೆಯ ಕಡೆ ಹೋಗಿ ನೋಡಿರಿ. ಬೆಳಂಬಾರದ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ತಂಡ ಬಂದಿತೆಂದರೆ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬರುತ್ತಾರೆ. ಕುಣಿಯುವವರ ತಲೆಯ ಮೇಲಿನ ತುರಾಯಿಯಲ್ಲಿ ಹೂವೇನು, ಹಕ್ಕಿಯೇನು, ಮಿನುಗುವ ಬೇಗಡೆಯೇನು! ದಿನವೂ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಗಂಭೀರ ಗೃಹಸ್ಥರೇ ಅದನ್ನು ಹೊತ್ತು ಕುಣಿಯುವವರು. ಅವರನ್ನು ಯಾರೂ ಬಾಲವಾಡಿಗೆ ಸೇರಿಸಿಲ್ಲ. ಇನ್ನು ಹಗರಣದ ರಾತ್ರಿ ಹುಲಿ ಕರಡಿಗಳ ವೇಷ ತೊಟ್ಟು ಊರನ್ನು ನಗಿಸುವವರ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಆ ತುರಾಯಿಯ ಒಂದು ಗುಣವನ್ನು ನಾವು ಗಮನಿಸಬೇಕು. ಅದು ನೋಡಲು ಭಾರಿ, ಹೊರಲು ಹಗುರ. ಬೆಂಡು, ಬಣ್ಣದ ಕಾಗದ, ಬೇಗಡೆ, ಇಷ್ಟರಿಂದಲೇ ಅದರ ವೈಭವ. ಕುಣಿತದ ಭರದಲ್ಲಿ ಪಕ್ಕದವನ ಕೋಲು ತಗುಲಿದರೆ ಮುರಿಯುವುದು ಹಕ್ಕಿ, ಕತ್ತಲ್ಲ. ಜಪಾನಿನಲ್ಲಿಯೂ ಇದೇ ಜಾಣತನವಿತ್ತು. 16ನೆಯ ಶತಮಾನದ ಹೊಂಡಾ ತದಾಕಾತ್ಸು ಎಂಬ ಯೋಧ (ಬೈಕಿನ ಹೊಂಡಾ ಅಲ್ಲ, ಅದು ಬೇರೆ ಮನೆತನ!) ತನ್ನ ಶಿರಸ್ತ್ರಾಣದ ಮೇಲೆ ಸಾರಂಗದ ಎರಡು ದೊಡ್ಡ ಕೊಂಬುಗಳನ್ನು ಧರಿಸುತ್ತಿದ್ದ. ಅವು ನಿಜವಾದ ಕೊಂಬುಗಳಲ್ಲ. ಕಾಗದವನ್ನು ಪದರಪದರವಾಗಿ ಅಂಟಿಸಿ, ಅರಗಿನಂಥ ಮೆರುಗು ಬಳಿದು ಮಾಡಿದವು. ಯುದ್ಧಕ್ಕೆ ಹೋಗುವವನಿಗೇ ಅಲಂಕಾರ ಹಗುರಾಗಿರಬೇಕೆಂದು ತಿಳಿದಿತ್ತು.

ಈಗ ನಮ್ಮ ರಸ್ತೆಗೆ ಬರೋಣ. ಕಾರವಾರದಿಂದ ಅಂಕೋಲೆಗೆ ಮೂವತ್ತು ಚಿಲ್ಲರೆ ಕಿಲೋಮೀಟರು. ಅರ್ಗಾ, ತೋಡೂರು, ಅಮದಳ್ಳಿ, ಅವರ್ಸಾ ಎಂದು ಊರುಗಳು ಹಿಂದೆ ಸರಿಯುತ್ತವೆ. ಹೆದ್ದಾರಿ ಅಗಲವಾದ ಮೇಲೆ ಗಾಡಿಯ ವೇಗವೂ ಅಗಲವಾಗಿದೆ. ಈ ದಾರಿಯಲ್ಲಿ ದಿನವೂ ಓಡಾಡುವ ನಮ್ಮವರಲ್ಲಿ ಹೆಲ್ಮೆಟ್ ಇಲ್ಲದವರು ಕಡಿಮೆ, ಅದನ್ನು ತಲೆಗೆ ಹಾಕದವರು ಹೆಚ್ಚು. ಕನ್ನಡಿಗೆ ತೂಗುಹಾಕುವುದು, ಮೊಣಕೈಗೆ ಸಿಕ್ಕಿಸುವುದು, ಪೊಲೀಸರು ಕಂಡಾಗ ಮಾತ್ರ ತಲೆಗೇರಿಸುವುದು, ಹೀಗೆ ನಡೆದಿದೆ. ಕಾರಣ ಕೇಳಿದರೆ ಸೆಕೆ, ಬೆವರು, ಕೂದಲು. ನನ್ನ ತಂಗಿಯದು ಇನ್ನೂ ಸೊಗಸಾದ ಕಾರಣ: ಆಯಿ ಬೆಳಿಗ್ಗೆ ಕಟ್ಟಿ ಮುಡಿಸಿದ ಅಬ್ಬಲಿಗೆ ದಂಡೆ ಹೆಲ್ಮೆಟ್ಟಿನೊಳಗೆ ಅಪ್ಪಚ್ಚಿಯಾಗುತ್ತದೆ! ಹೂವಿನ ನಾಡಿನಲ್ಲಿ ಇದನ್ನು ಸುಳ್ಳು ನೆಪವೆಂದು ತಳ್ಳುವಂತಿಲ್ಲ. ಮೂರು ತಿಂಗಳ ಹಿಂದೆ ಅವಳು ನೂರಿನ್ನೂರು ರೂಪಾಯಿಗೆ ಮೆತ್ತನೆಯ ಬೆಕ್ಕಿನ ಕಿವಿ ತಂದು ಅಂಟಿಸಿಕೊಂಡಳು. ಅಂದಿನಿಂದ ಹೆಲ್ಮೆಟ್ ಅವಳ ಕೈಯಲ್ಲಿಲ್ಲ, ತಲೆಯ ಮೇಲಿದೆ. ದಂಡೆಯನ್ನು ಚೀಲದಲ್ಲಿಟ್ಟುಕೊಂಡು ಬಂದು ಇಲ್ಲಿ ಮುಡಿಯುತ್ತಾಳೆ. ಅಪ್ಪ ಎರಡು ವರ್ಷ ಗದರಿಸಿ ಸಾಧಿಸದ್ದನ್ನು ಎರಡು ತುಂಡು ಸ್ಪಂಜು ಸಾಧಿಸಿತು.

ನಗೆಯ ಮಾತು ಒತ್ತಟ್ಟಿಗಿರಲಿ. ಕಳೆದ ಮಳೆಗಾಲದಲ್ಲಿ ನಮ್ಮ ತರಗತಿಯ ಗೆಳೆಯನೊಬ್ಬ ಹಟ್ಟಿಕೇರಿಯ ಹತ್ತಿರ ಗಾಡಿ ಜಾರಿ ಬಿದ್ದ. ಅವನು ಹೆಲ್ಮೆಟ್ ಹಾಕಿದ್ದ, ಆದರೆ ಗದ್ದದ ಪಟ್ಟಿಯನ್ನು ಬಿಗಿದಿರಲಿಲ್ಲ. ಅವನಿಗಿಂತ ಮೊದಲೇ ಹೆಲ್ಮೆಟ್ ಹಾರಿ ಬಿತ್ತು. ನಾವು ಹೋಗಿ ನೋಡಿದಾಗ ಅದು ರಸ್ತೆಯ ಬದಿಯ ಹುಲ್ಲಿನಲ್ಲಿ ಒಂದು ಗೀರೂ ಇಲ್ಲದೆ ಹೊಸದರಂತೆಯೇ ಬಿದ್ದಿತ್ತು. ಗೆಳೆಯ ಬದುಕಿದ್ದಾನೆ. ಮನೆಗೆ ಹೋದರೆ ನಮ್ಮ ಗುರುತು ಹಿಡಿಯುತ್ತಾನೆ, ಹೆಸರು ಮಾತ್ರ ಒಂದೊಂದು ಸಲ ನೆನಪಾಗುವುದಿಲ್ಲ. ಈ ವರ್ಷ ಅವನು ಪರೀಕ್ಷೆಗೆ ಕೂಡುತ್ತಿಲ್ಲ.

1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹೆಲ್ಮೆಟ್ ಎಂದರೇನೆಂದು ವಿವರಿಸುವಾಗ, ಅದನ್ನು ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕೆಂದೂ ಸೇರಿಸಿದೆ. ಎಂದರೆ ಬಿಗಿಯದ ಹೆಲ್ಮೆಟ್ ಕಾನೂನಿನ ದೃಷ್ಟಿಯಲ್ಲಿ ಹೆಲ್ಮೆಟ್ಟೇ ಅಲ್ಲ. ಹೆಲ್ಮೆಟ್ ಧರಿಸುವುದರಿಂದ ಅಪಘಾತದಲ್ಲಿ ಸಾಯುವ ಸಂಭವ ಸುಮಾರು 42ರಷ್ಟೂ ತಲೆಗೆ ಪೆಟ್ಟಾಗುವ ಸಂಭವ ಸುಮಾರು 69ರಷ್ಟೂ ಶೇಕಡಾ ಕಡಿಮೆಯಾಗುತ್ತದೆಂದು, ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತಿಳಿಸಿತು. ಕೇಂದ್ರ ಸರಕಾರ ದಂಡವನ್ನು 1,000 ರೂಪಾಯಿಗೆ ಏರಿಸಿದಾಗ ನಮ್ಮ ರಾಜ್ಯ 2019ರಲ್ಲಿ ಅದನ್ನು 500ಕ್ಕೆ ಇಳಿಸಿತು. ತಲೆಗೂ ರಿಯಾಯಿತಿ ದರ!

ಇನ್ನು, ಯಾವ ಕೊಂಬುಗಳ ಪಕ್ಷ ನಾನು ವಹಿಸುವುದಿಲ್ಲವೆಂಬುದಕ್ಕೆ ಬರುತ್ತೇನೆ. ಹೆಲ್ಮೆಟ್ಟಿನೊಳಗೆ ದಪ್ಪ ಥರ್ಮೋಕೋಲಿನ ಪದರವಿದೆ. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ. ಹೀಗೆ ತಾನು ಕುಸಿದು ತಲೆಯನ್ನು ಕಾಯುವ ಒಳಪದರದ ಹೆಲ್ಮೆಟ್ಟಿಗೆ ಅಮೇರಿಕೆಯ ಲೊಂಬಾರ್ಡ್ ಎಂಬ ವಿಜ್ಞಾನಿ 1953ರಲ್ಲಿ ಪೇಟೆಂಟು ಪಡೆದ. ಹೊರಚಿಪ್ಪು ನುಣುಪಾಗಿ ಗುಂಡಗಿರುವುದೂ ಬರಿಯ ಚಂದಕ್ಕಲ್ಲ. ಬಿದ್ದ ತಲೆ ಡಾಂಬರಿನ ಮೇಲೆ ಜಾರಿಕೊಂಡು ಹೋಗಬೇಕು, ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಅದಕ್ಕೆ ಮೊಳೆ ಹೊಡೆದಂತೆ ಗಟ್ಟಿ ಕೊಂಬನ್ನು ನಿಲ್ಲಿಸಿದರೆ ಏನಾದೀತು? ಕೊಂಬು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ತಲೆ ಅಲ್ಲಿಯೇ ತಡೆಯುತ್ತದೆ, ಮೈ ಮುಂದೆ ಹೋಗುತ್ತದೆ. ನಡುವೆ ಇರುವುದು ಕುತ್ತಿಗೆ. ಅಮೇರಿಕೆಯ ನಿಯಮದಲ್ಲಿ ಹೊರಚಿಪ್ಪಿನ ಮೇಲೆ ಗಟ್ಟಿಯಾದ ಯಾವ ಭಾಗವೂ 5 ಮಿಲಿಮೀಟರಿಗಿಂತ ಹೆಚ್ಚು ಚಾಚಿರಬಾರದೆಂದು ಕಟ್ಟುಮಾಡಿರುವುದು ಸುಮ್ಮನೆ ಅಲ್ಲ. ನಮ್ಮಲ್ಲಿ ಮಾತ್ರ ಚಿಪ್ಪಿಗೇ ತೂತು ಕೊರೆದು ಸ್ಕ್ರೂ ಹಾಕಿ ಕೊಂಬು ಕೂರಿಸಿಕೊಂಡು ಬಂದವರನ್ನು ನೋಡಿದ್ದೇನೆ. ಕೊಡೆಗೆ ತೂತು ಕೊರೆದು ಗೊಂಡೆ ಕಟ್ಟಿದ ಹಾಗೆ ಇದು.

ರೋಮದ ಗವಸಿನ ಮೇಲೆಯೂ ನನ್ನ ತಕರಾರಿದೆ. ನಮ್ಮ ಆಷಾಢದ ಮಳೆ ಅದರ ಮೇಲೆ ಒಂದು ಗಂಟೆ ಸುರಿದರೆ ಕರಡಿ ನೀರು ಕುಡಿದು ಭಾರವಾಗುತ್ತದೆ, ಗಾಳಿಯ ಕಂಡಿಗಳು ಮುಚ್ಚುತ್ತವೆ, ರೋಮ ಕಣ್ಣಿಗೂ ಇಳಿಯುತ್ತದೆ. ಮೇಲಾಗಿ ಅದರಡಿಯಲ್ಲಿ ಬಿರುಕೂ ಕಾಣುವುದಿಲ್ಲ, ಐ.ಎಸ್.ಐ. ಗುರುತಿದೆಯೋ ಇಲ್ಲವೋ ಎಂಬುದೂ ಕಾಣುವುದಿಲ್ಲ. ಆ ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವುದಕ್ಕೇ 2021ರ ಜೂನ್ 1ರಿಂದ ನಿಷೇಧವಿದೆ. ಆದರೂ ರಸ್ತೆಯ ಬದಿಯಲ್ಲಿ ಬಟ್ಟಲಿನಂಥ ಟೊಪ್ಪಿಗೆಗಳು ಸಿಕ್ಕೇ ಸಿಗುತ್ತವೆ. ಅದಕ್ಕೆ ಹುಲಿಯ ಮುಖ ಬರೆದರೂ ಅದು ಬಟ್ಟಲೇ. ಬಣ್ಣ ಬಳಿಯುವ ಕಲಾವಿದರಿಗೂ ಒಂದು ಮಾತು: ಥಿನ್ನರ್ ಬೆರೆಸಿದ ಬಣ್ಣ ಪ್ಲಾಸ್ಟಿಕ್ಕಿನ ಚಿಪ್ಪನ್ನು ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ಅಂಟುಕಾಗದದ ಚಿತ್ರ ಸಾಕು.

ಹಾಗಾಗಿ ನಮ್ಮ ಪ್ರಾಚಾರ್ಯರಲ್ಲಿಯೂ ಜಿಮಖಾನಾದ ಪದಾಧಿಕಾರಿಗಳಲ್ಲಿಯೂ ನನ್ನದೊಂದು ಅರಿಕೆ. ವರ್ಷವೂ ಸ್ನೇಹಸಮ್ಮೇಳನದಲ್ಲಿ ರಂಗೋಲಿ ಸ್ಪರ್ಧೆ, ವೇಷಭೂಷಣ ಸ್ಪರ್ಧೆ ನಡೆಯುತ್ತಲೇ ಇವೆ. ಈ ಸಲ ಹೆಲ್ಮೆಟ್ ಸಿಂಗರಿಸುವ ಸ್ಪರ್ಧೆಯನ್ನೂ ಇಡಬೇಕು. ಹುಲಿ, ನವಿಲು, ಏಡಿ, ಬಂಗಡೆ, ಯಾವುದೇ ಪ್ರಾಣಿಯಾಗಲಿ, ತಡೆಯಿಲ್ಲ. ಐ.ಎಸ್.ಐ. ಗುರುತಿಲ್ಲದ್ದಕ್ಕೆ ಪ್ರವೇಶವಿಲ್ಲ. ಪ್ರದರ್ಶನ ಮೇಜಿನ ಮೇಲೆ ನಡೆಯಬಾರದು, ಪಟ್ಟಿ ಬಿಗಿದ ತಲೆಯ ಮೇಲೆಯೇ ನಡೆಯಬೇಕು. ತೀರ್ಪುಗಾರರಾಗಿ ಬೆಳಂಬಾರದಿಂದ ತುರಾಯಿ ಕಟ್ಟಿ ಪಳಗಿದ ಹಿರಿಯರೊಬ್ಬರನ್ನು ಕರೆತರಬೇಕು. ಅವರು ಒಂದೊಂದು ಕಿವಿಯನ್ನೂ ಕೊಂಬನ್ನೂ ಎರಡು ಬೆರಳಿನಿಂದ ಹಿಡಿದು ಎಳೆಯಲಿ. ಕೈಗೆ ಬಂದದ್ದಕ್ಕೆ ಅಂಕ ಕೊಡಲಿ. ಬಾರದೆ ಗಟ್ಟಿಯಾಗಿ ನಿಂತದ್ದಕ್ಕೆ ಸೊನ್ನೆ.