ಲಾಳವೂ ಒಂದು ವಿದ್ಯೆ

ಹಿಮದ ನಾಡುಗಳಲ್ಲಿ ಕುದುರೆ ಜಾರದಿರಲೆಂದು ಲಾಳಕ್ಕೆ ಉಕ್ಕಿನ ಮುಳ್ಳುಗಳನ್ನು ಕೂಡಿಸುವರು. ನಮ್ಮ ಬಾಬಾಬುಡನ್‌ಗಿರಿಯಲ್ಲಿ ಚಳಿಯುಂಟು, ಹಿಮವಿಲ್ಲ. ಇಲ್ಲಿ ಗೊರಸಿನ ಶತ್ರು ಮುಂಗಾರಿನ ತೇವ. ಗೊರಸು ನಮ್ಮ ಉಗುರಿನಂತೆಯೇ ಕೆರಾಟಿನ್ ಎಂಬ ವಸ್ತುವಿನಿಂದಾದುದು. ಕುದುರೆಯಲ್ಲಿ ಅದು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬಹುಕಾಲ ನೆನೆದರೆ ಮೆತ್ತಗಾಗಿ ಮೊಳೆಗಳು ಸಡಿಲುತ್ತವೆ. ಕೆಸರಿನ ಸೂಕ್ಷ್ಮಜೀವಿಗಳು ಗೊರಸಿನಡಿಯನ್ನು ಕೊಳೆಯಿಸುತ್ತವೆ. ಆದುದರಿಂದ 6ರಿಂದ 8 ವಾರಗಳಿಗೊಮ್ಮೆ ಲಾಳವನ್ನು ಬಿಚ್ಚಿ, ಗೊರಸನ್ನು ಹೆರೆದು, ಮತ್ತೆ ಹೊಡೆಯಬೇಕು.

ಹಿಂದೆ ಕಾಫಿಯ ಮೂಟೆಗಳನ್ನು ಹೊತ್ತು ಘಟ್ಟವಿಳಿದ ಎತ್ತುಗಳದು ಸೀಳುಗೊರಸು. ಕಾಲಿಗೆ ಎರಡರಂತೆ ಎಂಟು ಲಾಳ. ಕುದುರೆಗೆ ನಾಲ್ಕೇ ಸಾಕು. ಆದರೆ ಎರಡರಲ್ಲಿಯೂ ಮೊಳೆ ಹೊರಗೋಡೆಯ ಜಡಭಾಗವನ್ನು ಬಿಟ್ಟು ಕೊಂಚ ಒಳಸರಿದರೂ ಪ್ರಾಣಿ ಕುಂಟುವುದು. ಇಂಥ ಸೂಕ್ಷ್ಮವನ್ನು ಬಲ್ಲವನನ್ನು ನಾವು ಬರಿಯ ಕೂಲಿಯಾಳೆಂದು ಎಣಿಸುವುದು ಸಲ್ಲದು. ಅವನ ಕೈಗೆ ಪಶುವೈದ್ಯಶಾಸ್ತ್ರದ ಬೆಳಕೂ ಅವನ ಕಸುಬಿಗೆ ಮನ್ನಣೆಯೂ ದೊರೆಯಬೇಕು. ಮೂಕಪ್ರಾಣಿ ತನ್ನ ನೋವನ್ನು ಹೇಳಲಾರದು. ಅದರ ನಡಿಗೆಯಲ್ಲಿಯೇ ನಾವು ಅದನ್ನು ಓದಬೇಕು.