ಕುಲುಮೆ ಕೈಕೊಟ್ಟಾಗ

ಅನ್ವಯಿಕ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವವರ ಯೋಗ್ಯತೆಯನ್ನು ನಾವು ಬಹುಕಾಲ ಅವರು ಪ್ರಕಟಿಸಿದ ಲೇಖನಗಳ ಲೆಕ್ಕದಲ್ಲೇ ಅಳೆದೆವು. 2022ರ ನವೆಂಬರ್‌ನಲ್ಲಿ ಯುಜಿಸಿ ಹೊಸ ನಿಯಮಾವಳಿ ತಂದು, ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂಬ ಷರತ್ತನ್ನು ಕೈಬಿಟ್ಟಿತು. ಒಳ್ಳೆಯ ಕೆಲಸ. ಆದರೆ ಒಂದು ಅಳತೆಗೋಲನ್ನು ಎತ್ತಿಟ್ಟ ಮೇಲೆ ಆ ಜಾಗಕ್ಕೆ ಯಾವುದು ಬರಬೇಕು ಎಂಬುದನ್ನೂ ಯೋಚಿಸಬೇಕಾಗುತ್ತದೆ. ಈ ವಿಷಯದ ಮಟ್ಟಿಗಾದರೂ ನನ್ನ ಉತ್ತರ ಸ್ಪಷ್ಟ: ತಾನು ಬಳಸುವ ಉಪಕರಣವನ್ನು ವಿದ್ಯಾರ್ಥಿ ಎಷ್ಟು ಬಲ್ಲ, ಅದು ಕೆಟ್ಟಾಗ ಯಾಕೆ ಕೆಟ್ಟಿತೆಂದು ಹೇಳಬಲ್ಲನೇ, ಆ ಕೆಡುವಿಕೆಯಿಂದ ವಸ್ತುವಿನ ಬಗ್ಗೆ ಏನನ್ನಾದರೂ ಕಲಿಯಬಲ್ಲನೇ ಎಂಬುದನ್ನು ಮೊದಲು ನೋಡಬೇಕು. ಲೇಖನ ಅದರ ಹಿಂದೆ ಬರುತ್ತದೆ.

ಉದಾಹರಣೆಗೆ, ಇಂದು ಮನೆಮನೆಯಲ್ಲಿ ಉರಿಯುವ ಎಲ್‌ಇಡಿ ಬಲ್ಬು ಬಂದ ದಾರಿಯನ್ನು ನೋಡಿ. ಕೆಂಪು ಎಲ್‌ಇಡಿ 1960ರ ದಶಕದಲ್ಲೇ ಬಂದಿತ್ತು, ಹಸಿರೂ ಬಂತು. ಪ್ರಖರವಾದ ನೀಲಿ ಮಾತ್ರ ಬರಲಿಲ್ಲ, ನೀಲಿ ಇಲ್ಲದೆ ಬಿಳಿ ಬೆಳಕು ಸಾಧ್ಯವಿರಲಿಲ್ಲ. ಗ್ಯಾಲಿಯಂ ನೈಟ್ರೈಡ್ ಅದಕ್ಕೆ ತಕ್ಕ ವಸ್ತು ಎಂದು ಗೊತ್ತಿದ್ದರೂ ಅದರ ಒಳ್ಳೆಯ ಹರಳು ಯಾರ ಕೈಗೂ ಸಿಕ್ಕಿರಲಿಲ್ಲ. ಸಫೈರ್ ಬಿಲ್ಲೆಯ ಮೇಲೆ ಅದನ್ನು ಬೆಳೆಸಬೇಕು; ಎರಡರ ಪರಮಾಣು ಜೋಡಣೆಯ ಅಂತರದಲ್ಲಿ ಸುಮಾರು ಶೇ 16ರಷ್ಟು ವ್ಯತ್ಯಾಸ. ಬೆಳೆದ ಪದರ ಒರಟಾಗುತ್ತಿತ್ತು, ಬಿರುಕು ಬಿಡುತ್ತಿತ್ತು. ಬಹುಪಾಲು ಸಂಶೋಧಕರು ಜಿಂಕ್ ಸೆಲೆನೈಡ್ ಎಂಬ ಇನ್ನೊಂದು ವಸ್ತುವಿನತ್ತ ಹೊರಳಿದ್ದ ಆ ಹೊತ್ತಿನಲ್ಲಿ, 1982ರಲ್ಲಿ, ಹಿರೋಶಿ ಅಮಾನೊ ಎಂಬ ವಿದ್ಯಾರ್ಥಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಇಸಾಮು ಅಕಾಸಾಕಿ ಅವರ ಪ್ರಯೋಗಾಲಯ ಸೇರಿದರು. ಹರಳು ಬೆಳೆಸುವ ಸಿದ್ಧ ರಿಯಾಕ್ಟರ್ ಕೊಳ್ಳುವಷ್ಟು ಹಣ ಅಲ್ಲಿರಲಿಲ್ಲ, ವಿದ್ಯಾರ್ಥಿಗಳೇ ಕಟ್ಟಿಕೊಂಡರು. ಕಟ್ಟಿದವರಾದ್ದರಿಂದಲೇ, ಒಳಬಿಟ್ಟ ಅನಿಲ ಬಿಸಿಗೆ ಮೇಲೆದ್ದು ಬಿಲ್ಲೆಯನ್ನು ಮುಟ್ಟದೆ ಹೋಗುತ್ತಿದೆ ಎಂಬುದು ಅವರಿಗೆ ಹೊಳೆಯಿತು. ಕೊಳವೆಗಳನ್ನು ಒಂದುಗೂಡಿಸಿ ಹರಿವಿನ ವೇಗ ಹೆಚ್ಚಿಸಿದರು. 1985ರಲ್ಲಿ ಆ ರಿಯಾಕ್ಟರಿನ ಹಳೆಯ ಕುಲುಮೆ ಕೈಕೊಟ್ಟಿತು. ಸಾವಿರ ಡಿಗ್ರಿಯ ಆಚೆಗೆ ಏರಬೇಕಾದ ಉಷ್ಣಾಂಶ ಏರಲೇ ಇಲ್ಲ. ಅಮಾನೊ ಆ ತಗ್ಗಿದ ಉಷ್ಣಾಂಶದಲ್ಲೇ ಅಲ್ಯೂಮಿನಿಯಂ ನೈಟ್ರೈಡ್‌ನ ತೆಳು ಪದರವೊಂದನ್ನು ಹಾಸಿದರು; ಕುಲುಮೆ ಮತ್ತೆ ಸರಿಹೋದಾಗ ಅದರ ಮೇಲೆ ಗ್ಯಾಲಿಯಂ ನೈಟ್ರೈಡ್ ಬೆಳೆಸಿದರು. ಹೊರತೆಗೆದ ಬಿಲ್ಲೆ ಎಷ್ಟು ತಿಳಿಯಾಗಿತ್ತೆಂದರೆ, ಗ್ಯಾಲಿಯಂ ಬಿಡುವುದನ್ನೇ ಮರೆತೆನೇ ಎಂದು ಮೊದಲು ಅವರಿಗೆ ಅನುಮಾನ ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳು ಅಲ್ಲೇ ಇತ್ತು, ಕನ್ನಡಿಯಷ್ಟು ನುಣುಪಾಗಿ. 1986ರಲ್ಲಿ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ನಲ್ಲಿ ಅದರ ವರದಿ ಬಂತು. ಬೇರೆಯವರು ನಡೆಸಿಕೊಡುವ ಯಂತ್ರಕ್ಕೆ ಮಾದರಿ ಕಳಿಸಿ ಫಲಿತಾಂಶಕ್ಕೆ ಕಾಯುವವರಾಗಿದ್ದರೆ ಆ ದಿನದ ಕೆಲಸ ‘ಯಂತ್ರ ದುರಸ್ತಿಯಲ್ಲಿದೆ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು.

ಮುಂದಿನ ಹೆಜ್ಜೆಯೂ ಅದೇ ಬಗೆಯದು. ಸತುವು ಬೆರೆಸಿದ ಹರಳನ್ನು ಎಲೆಕ್ಟ್ರಾನ್ ಕಿರಣದಡಿ ನೋಡುತ್ತಿದ್ದಾಗ, ಕಿರಣ ಬಿದ್ದ ಕಡೆ ಹೊಳಪು ಏರುತ್ತಾ ಹೋಗುವುದನ್ನು ನಗೋಯಾದ ತಂಡ ಗಮನಿಸಿತು. ಅದನ್ನೇ ಮೆಗ್ನೀಸಿಯಂ ಬೆರೆಸಿದ ಹರಳಿಗೆ ಹೂಡಿ 1989ರಲ್ಲಿ ಎಲ್‌ಇಡಿಗೆ ಬೇಕೇಬೇಕಾದ ಪಿ-ಮಾದರಿಯ ಗ್ಯಾಲಿಯಂ ನೈಟ್ರೈಡ್ ಪಡೆಯಿತು. ಅಮಾನೊ ಅವರಿಗೆ ಡಾಕ್ಟರೇಟ್ ಬಂದದ್ದೂ ಅದೇ ವರ್ಷ. ಕಿರಣ ಯಾಕೆ ಹೀಗೆ ಮಾಡುತ್ತದೆ ಎಂಬುದನ್ನು ಬಿಡಿಸಿದವರು ನಿಚಿಯಾ ಕಂಪನಿಯ ಶೂಜಿ ನಾಕಾಮುರಾ: ಮೆಗ್ನೀಸಿಯಂಗೆ ಅಂಟಿಕೊಂಡ ಜಲಜನಕ ಅದನ್ನು ನಿಷ್ಕ್ರಿಯಗೊಳಿಸಿರುತ್ತದೆ, ಹರಳನ್ನು ಬರೇ ಕಾಯಿಸಿದರೂ ಆ ಜಲಜನಕ ಬಿಟ್ಟುಹೋಗುತ್ತದೆ. ಇದು 1992ರ ಮಾತು. ಮರುವರ್ಷ ಪ್ರಖರವಾದ ನೀಲಿ ಎಲ್‌ಇಡಿ ಹೊರಬಂತು, 2014ರಲ್ಲಿ ಮೂವರಿಗೂ ನೊಬೆಲ್ ಬಂತು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ನೀಲಿ ಎಲ್‌ಇಡಿ ತಯಾರಾದಾಗ ನಾಕಾಮುರಾ ಅವರಿಗೆ ಪಿಎಚ್‌ಡಿಯೇ ಇರಲಿಲ್ಲ. ಅದು ಬಂದದ್ದು 1994ರಲ್ಲಿ. ಅಂದ ಮೇಲೆ ಪದವಿಯ ಅಗತ್ಯವೇನು? ಆದರೆ ಅವರು ಕಂಪನಿಯಲ್ಲಿ ಸುಮಾರು ಹತ್ತು ವರ್ಷ ಕ್ವಾರ್ಟ್ಜ್ ಕೊಳವೆಗಳನ್ನು ತಾವೇ ಬೆಸೆದು, ಕುಲುಮೆ ಕಟ್ಟಿ, ಅವು ಸಿಡಿದಾಗ ಮತ್ತೆ ಕಟ್ಟಿದ್ದರು. ಆ ಪಳಗಿದ ಕೈಯಿಂದಲೇ, ಮೇಲಿನಿಂದ ಇನ್ನೊಂದು ಅನಿಲದ ಹರಿವು ಬಿಟ್ಟು ಮೂಲ ಅನಿಲಗಳನ್ನು ಬಿಲ್ಲೆಯತ್ತ ಒತ್ತಿಹಿಡಿಯುವ ರಿಯಾಕ್ಟರ್ ಹುಟ್ಟಿತು. ಇಷ್ಟು ವರ್ಷ ಒಬ್ಬ ನೌಕರನಿಗೆ ಹೀಗೆ ಕಲಿಯಲು ಬಿಡುವ ಕಂಪನಿಗಳು ತೀರಾ ವಿರಳ. ಆ ವರ್ಷಗಳನ್ನು ಕೊಡಬಲ್ಲ ಜಾಗ ವಿಶ್ವವಿದ್ಯಾಲಯ. ಪದವಿಯನ್ನು ನಾನು ಎತ್ತಿಹಿಡಿಯುವುದು ಈ ಕಾರಣಕ್ಕೇ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಗೆದ್ದವರ ಕಥೆಯನ್ನಷ್ಟೇ ಹೇಳುತ್ತಿದ್ದೀರಿ, ರಿಯಾಕ್ಟರ್ ಮುಂದೆ ವರ್ಷಗಟ್ಟಲೆ ಕೂತು ಬರಿಗೈಯಲ್ಲಿ ಹೋದವರ ಗತಿಯೇನು ಎಂಬುದು. ನ್ಯಾಯವಾದ ಪ್ರಶ್ನೆ. ಜಿಂಕ್ ಸೆಲೆನೈಡ್ ಹಿಡಿದವರು ದಡ್ಡರಲ್ಲ. ಆಗಿನ ತಿಳಿವಳಿಕೆಯ ಪ್ರಕಾರ ಅವರ ಆಯ್ಕೆಯೇ ಸರಿ. ಚದರ ಸೆಂಟಿಮೀಟರಿಗೆ ಹತ್ತು ಕೋಟಿಗಿಂತ ಹೆಚ್ಚು ದೋಷರೇಖೆಗಳಿರುವ ಗ್ಯಾಲಿಯಂ ನೈಟ್ರೈಡ್ ಬೆಳಗಲಾರದು ಎನ್ನುವುದಕ್ಕೆ ಬೇರೆಲ್ಲ ಅರೆವಾಹಕಗಳ ಅನುಭವವೂ ಸಾಕ್ಷಿಯಾಗಿತ್ತು. ಅದು ಬೆಳಗಿದ್ದು ಎಲ್ಲರಿಗೂ ಅಚ್ಚರಿ. ಆದ್ದರಿಂದ ಹಟ ಹಿಡಿದವರೆಲ್ಲ ಗೆಲ್ಲುತ್ತಾರೆ ಎಂಬುದು ನನ್ನ ವಾದವಲ್ಲ. ಸೆಲೆನೈಡ್ ಸೋತಾಗ ಅದನ್ನು ಬೆಳೆಸಿ ಕೈ ಪಳಗಿದ್ದ ಅನೇಕರು ನೈಟ್ರೈಡ್‌ಗೆ ಬಂದು ಕೆಲಸ ಮುಂದುವರಿಸಿದರು. ವಸ್ತು ಕೈಬಿಟ್ಟರೂ ನಿರ್ವಾತ, ಅನಿಲದ ಹರಿವು, ಹರಳಿನ ಬೆಳವಣಿಗೆಯ ವಿದ್ಯೆ ಅವರ ಕೈಬಿಡಲಿಲ್ಲ. ವಿಷಯ ಸೋತರೂ ವಿದ್ಯಾರ್ಥಿ ಸೋಲದಂತೆ ನೋಡಿಕೊಳ್ಳುವುದು ಇಂಥ ತರಬೇತಿ ಮಾತ್ರ.

ಇಂದಿನ ಯಂತ್ರಗಳು ಕೋಟಿಗಟ್ಟಲೆ ಬೆಲೆಯವು, ಅವನ್ನು ವಿದ್ಯಾರ್ಥಿ ಬಿಚ್ಚಲು ಬಿಡಲಾಗದು ಎನ್ನುವವರ ಮಾತಿನಲ್ಲೂ ಹುರುಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಗ್ಯಾಲಿಯಂ ನೈಟ್ರೈಡ್ ಸಾಧನಗಳ ಕೆಲಸ ನಡೆಯುತ್ತಿದೆ. ಬೇರೆ ಊರಿನ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಕೈಯಾರೆ ಕಲಿಯಲು ಕೇಂದ್ರ ಸರ್ಕಾರದ ಯೋಜನೆಯಿದೆ. ಅಲ್ಲಿನ ದೂಳಿಲ್ಲದ ಕ್ಲೀನ್‌ರೂಮಿನಲ್ಲಿ ಶಿಸ್ತು ಬೇಕೇ ಬೇಕು. ಆದರೆ ಅದೇ ಆವರಣದ ಇನ್‌ಸ್ಟ್ರುಮೆಂಟೇಷನ್ ಮತ್ತು ಅನ್ವಯಿಕ ಭೌತವಿಜ್ಞಾನ ವಿಭಾಗ, ಸಂಸ್ಥೆಯ ಉಪಕರಣಗಳನ್ನು ರೂಪಿಸಿ, ರಿಪೇರಿ ಮಾಡುತ್ತಿದ್ದ ಸೇವಾ ಪ್ರಯೋಗಾಲಯದಿಂದ ಬೆಳೆದದ್ದು. ರಿಪೇರಿಯ ಕೋಣೆಯಿಂದಲೂ ಸಂಶೋಧನೆ ಹುಟ್ಟಬಲ್ಲದು ಎಂಬುದಕ್ಕೆ ದೂರದ ಉದಾಹರಣೆ ಹುಡುಕಬೇಕಿಲ್ಲ. ದೊಡ್ಡ ಯಂತ್ರವನ್ನು ಬಿಚ್ಚುವುದು ಬೇಡ. ಒಂದು ನಿರ್ವಾತ ಪಂಪು, ಸಣ್ಣದೊಂದು ಕುಲುಮೆ, ಸೋರಿಕೆ ಹುಡುಕುವ ಸಾಧನ, ಇವಿಷ್ಟನ್ನು ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯವೂ ಹೊಂದಿಸಬಲ್ಲದು. ಮೊದಲ ವರ್ಷದಲ್ಲೇ ವಿದ್ಯಾರ್ಥಿ ಅವನ್ನು ಜೋಡಿಸಿ ನಡೆಸಿ ತೋರಿಸಬೇಕು. ಮಹಾಪ್ರಬಂಧದಲ್ಲಿ ಉಪಕರಣಕ್ಕೇ ಮೀಸಲಾದ ಅಧ್ಯಾಯವಿರಬೇಕು, ಏನೇನು ಕೆಟ್ಟಿತು, ಹೇಗೆ ಪತ್ತೆಯಾಯಿತು ಎಂಬುದು ಅದರಲ್ಲಿ ಬರಬೇಕು, ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗಳು ಅಲ್ಲಿಂದಲೇ ಏಳಬೇಕು.

ಉಳಿದದ್ದು ಹೊಟ್ಟೆಪಾಡು. 2023ರ ಜನವರಿಯಿಂದ ಕಿರಿಯ ಸಂಶೋಧಕರ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ ಆಗಿದೆ, ಆದರೆ ಹಿರಿಯ ಫೆಲೋಶಿಪ್ಪಿನ ಅವಧಿಯೂ ಸೇರಿ ಐದು ವರ್ಷಕ್ಕೆ ಅದು ನಿಲ್ಲುತ್ತದೆ. ಬಿಡಿಭಾಗ ವಿದೇಶದಿಂದ ಬರಬೇಕಾಗಿ ಯಂತ್ರ ಆರು ತಿಂಗಳು ನಿಂತರೆ ಆ ಆರು ತಿಂಗಳು ವಿದ್ಯಾರ್ಥಿಯ ಲೆಕ್ಕಕ್ಕೇ ಬೀಳುತ್ತದೆ. ತಮ್ಮ ತಪ್ಪಿಲ್ಲದೆ ಬೀಳುವ ಈ ನಷ್ಟಕ್ಕೆ ಹೆದರಿಯೇ ಜಾಣ ವಿದ್ಯಾರ್ಥಿಗಳು ಕುಲುಮೆ ಬಿಟ್ಟು ಕಂಪ್ಯೂಟರ್ ಮುಂದೆ ಮುಗಿಯುವ ವಿಷಯ ಹುಡುಕುತ್ತಾರೆ. ಯಂತ್ರ ನಿಂತ ಅವಧಿಯನ್ನು ಪ್ರಯೋಗಾಲಯದ ದಾಖಲೆ ಪುಸ್ತಕ ನೋಡಿ ಖಚಿತಪಡಿಸಿಕೊಂಡು, ಅಷ್ಟೇ ತಿಂಗಳ ಫೆಲೋಶಿಪ್ಪನ್ನು ಯುಜಿಸಿ ಮತ್ತು ವಿಶ್ವವಿದ್ಯಾಲಯ ಸೇರಿ ಮುಂದುವರಿಸಬೇಕು.