ನಳಿಗೆಯೊಳಗಿನ ಗೀರು
1857ರ ಸಂಗ್ರಾಮದ ಕಾಡತೂಸಿನ ಸಂಗತಿಯನ್ನು ಎಲ್ಲರೂ ಬಲ್ಲರು. ಅದಕ್ಕೆ ಜಿಡ್ಡು ಏಕೆ ಬೇಕಾಯಿತೆಂದು ವಿಚಾರಿಸಿದವರು ವಿರಳ.

ಹಳೆಯ ಮಸ್ಕೆಟ್ ಕೋವಿಯ ನಳಿಗೆಯ ಒಳಮೈ ನುಣುಪು. ಬಾಯಿಯಿಂದ ತುಂಬಿದ ಸೀಸದ ಗುಂಡು ಅದರಲ್ಲಿ ಸಡಿಲವಾಗಿಯೇ ಕೂರುವುದು. ತುಂಬಲು ಸುಲಭ, ಆದರೆ ನೂರು ಗಜ ದಾಟಿದರೆ ಗುರಿಯ ಭರವಸೆಯಿಲ್ಲ. ರೈಫಲ್ಲಿನ ನಳಿಗೆಯೊಳಗಾದರೋ ಸುರುಳಿಯಾಗಿ ಕೊರೆದ ಗೀರುಗಳುಂಟು. ಹೆಸರೂ ಅವುಗಳಿಂದಲೇ ಬಂದುದು. ಗುಂಡು ಆ ಗೀರುಗಳನ್ನು ಕಚ್ಚಿ ಬುಗುರಿಯಂತೆ ತಿರುಗುತ್ತ ಹೊರಬೀಳುವುದರಿಂದ ದಿಕ್ಕು ತಪ್ಪದೆ ದೂರ ಸಾಗುವುದು.

1853ರ ಮಾದರಿಯ ಎನ್‌ಫೀಲ್ಡ್ ಇಂಥದು. ಬಿಗಿಯಾದ ಗುಂಡು ಸರಾಗವಾಗಿ ಇಳಿಯಲೆಂದು ಅದರ ಕಾಗದದ ಕಾಡತೂಸಿಗೆ ಜಿಡ್ಡು ಸವರಿದರು. ಕಾಗದವನ್ನು ಹಲ್ಲಿನಿಂದ ಹರಿಯುವುದು ಮಸ್ಕೆಟ್ಟಿನ ಕಾಲದ ರೂಢಿ. ಜಿಡ್ಡು ಹಸು ಹಂದಿಗಳ ಕೊಬ್ಬೆಂಬ ಸುದ್ದಿ ಹಬ್ಬಿತು. ಕೈಯಿಂದ ಹರಿಯಬಹುದೆಂಬ ಆಜ್ಞೆ ಬರುವಷ್ಟರಲ್ಲಿ ನಂಬಿಕೆ ಮುರಿದಿತ್ತು. ಮೇ 10ರಂದು ಮೀರತ್ತಿನ ಸಿಪಾಯಿಗಳು ಸಿಡಿದೆದ್ದರು.